ಸುಟ್ಟಿದೆ ಎಂದರೆ

ಫೆಬ್ರವರಿ ೩

ಅಣ್ಣನ ಮಗಳು ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕೆಮ್ಮು ಹೋಯಿತೇ? ನಿನ್ನ ಗಂಡ, ನಮ್ಮ ಮಾಸ್ತರ ಸೊಂಟ ಈಗ ಬಗ್ಗುತ್ತದೆಯೋ, ಇಲ್ಲ ಇನ್ನೂ ಮಕ್ಕಳ ಕೈಲೇ ಸೀಮೆಸುಣ್ಣ ಎತ್ತಿಸಿಕೊಳ್ಳುತ್ತಿದ್ದಾರೋ? ನಿನ್ನ ಮಗಳು ಬೆಣ್ಣೆಗೆ ಮುಂದಿನ ಹಲ್ಲು ಬಂತೇ? ಇಲ್ಲಿ ನಿನ್ನ ಮಾವನ ಕಿವಿ ಪೂರ್ತಿ ಕೈಕೊಟ್ಟಿದೆ. ಹೇಳಿದ್ದು ಕೇಳಿಸುವುದಿಲ್ಲ, ಹೇಳದೆ ಇದ್ದದ್ದೆಲ್ಲ ಕೇಳಿಸುತ್ತದೆ. ಫಿಟ್ಟರ್ ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಾನೆ. ಮೊದಲು ಒಂದು ಸೋರುತ್ತಿತ್ತು, ಈಗ ಮೂರು ಸೋರುತ್ತವೆ.

ಹುಲ್ಲಿನಿಂದ ಇಂಧನ ತೆಗೆಯುವ ಆ ಕಾರ್ಖಾನೆಯಲ್ಲಿ ಹುಲ್ಲು ಬೇಯಿಸುವ ವಿಭಾಗ ನಿನ್ನ ಕೈಗೆ ಬಂತು ಎಂದು ಓದಿ ನಿನ್ನ ಮಾವನಿಗೆ ಕೂಗಿ ಹೇಳಿದೆ. ಪಕ್ಕದ ಮನೆಯವರಿಗೆ ಅವನಿಗಿಂತ ಮೊದಲು ಗೊತ್ತಾಯಿತು. ಅಲ್ಲ, ನಿಮ್ಮಲ್ಲಿ ಅದಕ್ಕೆ 'ಪೂರ್ವಸಂಸ್ಕರಣೆ' ಅನ್ನುತ್ತಾರಂತೆ! ರಟ್ಟಿನ ಗಿರಣಿಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಹುಲ್ಲಿನ ಹಂಡೆ ಕಾದವಳು. ನಮಗೆ ಅದು ಬೇಯಿಸುವುದೇ ಆಗಿತ್ತು. ಹುಲ್ಲಿಗೂ ಸಂಸ್ಕಾರ ಕೊಡಿಸುವಷ್ಟು ದೊಡ್ಡವರು ನಿಮ್ಮವರು. ನಿಮ್ಮ ಮೇಲಧಿಕಾರಿ, ಆ ಹುಲ್ಲಿನ ಡಾಕ್ಟರು, ಎಲ್ಲರೆದುರು 'ನಮ್ಮ ಹುಡುಗಿ, ಸ್ವಲ್ಪ ನಿಧಾನ' ಎಂದು ನಿನ್ನನ್ನು ಪರಿಚಯ ಮಾಡಿಸಿದರೆಂದು ಬರೆದಿದ್ದೀಯ. ಮೂವತ್ತೆಂಟು ವರ್ಷದ ಹೆಂಗಸನ್ನು ಹುಡುಗಿ ಅನ್ನುವವನಿಗೆ ಮೊದಲು ಆ ಸಂಸ್ಕರಣೆ ಆಗಬೇಕು. ಪಾತ್ರೆಯ ಬಾಯಿ ಸಾಕಷ್ಟು ಅಗಲವಿದ್ದರೆ ಅವನನ್ನೇ ಮೊದಲು ಇಳಿಸು. ಆಸಿಡ್ ವಿಷಯದಲ್ಲಿ ಜಿಪುಣತನ ಮಾಡಬೇಡ.

ಬೇಯಿಸಿದ ಹುಲ್ಲನ್ನು ಒಂದು ಚಿಟಿಕೆ ಲಕೋಟೆಯಲ್ಲಿ ಹಾಕಿ ಕಳಿಸು. ಗೆಣ್ಣು ಇರುವ ತುಂಡೇ ಬೇಕು. ಕಡ್ಡಿಯ ನಡುವಿನ ಆ ಗಂಟು ಸುಳ್ಳು ಹೇಳುವುದಿಲ್ಲ. ನಿಮ್ಮ ಯಂತ್ರಗಳು ನಾಲ್ಕು ದಿನ ತಿಣುಕಿ ಹೇಳುವುದನ್ನು ನಾನು ಹೆಬ್ಬೆರಳ ಉಗುರಿನಲ್ಲಿ ಹೇಳುತ್ತೇನೆ.

ನಿನ್ನ ಅತ್ತೆ

ಫೆಬ್ರವರಿ ೧೨

ಅತ್ತೆಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಇವರ ಸೊಂಟ ಪರವಾಗಿಲ್ಲ. ಬೆಣ್ಣೆಗೆ ಹಲ್ಲು ಅರ್ಧ ಬಂದಿದೆ, ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುತ್ತಿದ್ದಾಳೆ.

ಬೇಜಾರು ಮಾಡಿಕೊಳ್ಳಬೇಡಿ, ಆದರೆ ನಿಮ್ಮ ಗಿರಣಿಯ ಹಂಡೆಗೂ ನಮ್ಮ ಪಾತ್ರೆಗೂ ಸಂಬಂಧ ಕಡಿಮೆ. ನೀವು ಸುಣ್ಣದ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಿದ್ದಿರಿ. ನಾವು ಹುಲ್ಲನ್ನು ಕತ್ತರಿಸಿ, ಬಿಸಿಗಾಳಿಯ ಯಂತ್ರದಲ್ಲಿ ಗರಿಗರಿಯಾಗಿ ಒಣಗಿಸಿ, ತೆಳು ಆಸಿಡ್ ನೀರಿನಲ್ಲಿ ನೆನೆಸಿ, ನೂರೆಂಬತ್ತು ಡಿಗ್ರಿ ಆವಿಯಲ್ಲಿ ಹತ್ತು ನಿಮಿಷ ಇಟ್ಟು ಒಮ್ಮೆಲೇ ಬಾಯಿ ತೆರೆಯುತ್ತೇವೆ. ಹುಲ್ಲು ಸಿಡಿದು ಬಿಚ್ಚಿಕೊಳ್ಳುತ್ತದೆ. ಆಮೇಲೆ ಕಿಣ್ವಗಳು ಅದರ ನಾರನ್ನು ಸಕ್ಕರೆ ಮಾಡುತ್ತವೆ, ಯೀಸ್ಟ್ ಆ ಸಕ್ಕರೆಯನ್ನು ಗಾಡಿ ಓಡಿಸುವ ಇಂಧನ ಮಾಡುತ್ತದೆ. ಹುಲ್ಲು ಸರಿಯಾಗಿ ಬಿಚ್ಚಿಕೊಳ್ಳದಿದ್ದರೆ ಕಿಣ್ವಕ್ಕೆ ಒಳಗೆ ಹೋಗಲು ದಾರಿಯಿಲ್ಲ. ಎಲ್ಲ ಅಳತೆಯ ಮೇಲೆ ನಡೆಯುವ ಕೆಲಸ. ಇದರಲ್ಲಿ ಉಗುರಿಗೆ ಹೆಚ್ಚು ಪಾತ್ರವಿಲ್ಲ.

ನಿಮ್ಮಿಂದ ಮುಚ್ಚಿಡುವುದೇನು? ಏಪ್ರಿಲ್ ಮುಗಿಯುವುದರೊಳಗೆ ನನ್ನ ಹೆಸರಿನಲ್ಲಿ ಮೂರು ಬ್ಯಾಚ್ ಕೊಟ್ಟಿದ್ದಾರೆ. ಹುಲ್ಲಿನಲ್ಲಿರುವ ಸಕ್ಕರೆಯ ಮುಕ್ಕಾಲು ಪಾಲು ಒಂದರಲ್ಲಾದರೂ ಹೊರಗೆ ಬರಬೇಕು. ಬರದಿದ್ದರೆ ವಿಭಾಗ ಮುಚ್ಚಿ ಪಾತ್ರೆಯನ್ನು ಗುಜರಿಗೆ ಹಾಕುತ್ತಾರೆ, ನನಗೂ ದಾರಿ ತೋರಿಸುತ್ತಾರೆ. ಮೊದಲನೆಯದು ಮುಗಿಯಿತು. ಅರ್ಧವೂ ಬರಲಿಲ್ಲ. ಏಕೆಂದು ಡಾಕ್ಟರಿಗೂ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಎನ್ನುವುದು ಅವರ ಅಭ್ಯಾಸವಲ್ಲ.

ನೀವು ಕೇಳಿದಿರೆಂದು ನಾಲ್ಕು ಗೆಣ್ಣು ಇಟ್ಟಿದ್ದೇನೆ. ನಿಮ್ಮ ಸಮಾಧಾನಕ್ಕೆ.

ನಿಮ್ಮ ಪುಟ್ಟಿ

ಫೆಬ್ರವರಿ ೧೯

ಪುಟ್ಟಿಗೆ ಆಶೀರ್ವಾದಗಳು.

ನನ್ನ ಸಮಾಧಾನಕ್ಕೆ ಕಳಿಸಿದ ಗೆಣ್ಣು ತಲುಪಿದವು. ನಾಲ್ಕನ್ನೂ ಸೀಳಿ ನೋಡಿದೆ. ಸುಟ್ಟಿದೆ.

ಇದಕ್ಕಿಂತ ಹೆಚ್ಚು ಬರೆದರೆ ಅಳತೆಯ ಮೇಲೆ ಕೆಲಸ ಮಾಡುವವರಿಗೆ ಅವಮಾನ. ಬುದ್ಧಿ ಇರುವವರಿಗೆ ಒಂದು ಪದ ಸಾಕು. ನಿಮ್ಮ ಡಾಕ್ಟರಿಗೆ ಮೂಗಿನ ಮೇಲೆ ಚಿನ್ನದ ಕಟ್ಟಿನ ಕನ್ನಡಕವಿದೆ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಕನ್ನಡಕ ಇರಲಿ, ಅದರ ಕೆಳಗೆ ಮೂಗು ಇದೆಯೇ ಕೇಳು. ಹುಲ್ಲನ್ನು ಗರಿಗರಿಯಾಗಿ ಒಣಗಿಸಿ ಆಮೇಲೆ ನೆನೆಸುತ್ತಾರಂತೆ! ಬಟ್ಟೆಯನ್ನು ಮೊದಲು ಒಣಗಹಾಕಿ ಆಮೇಲೆ ಒಗೆಯುವ ಮನೆಯನ್ನು ನಾನು ಇದುವರೆಗೆ ನೋಡಿರಲಿಲ್ಲ. ಅದಕ್ಕೊಂದು ಯಂತ್ರ ಬೇರೆ. ಆ ಯಂತ್ರದ ಪಕ್ಕ ನಿಂತು ಅವನು ಫೋಟೋ ತೆಗೆಸಿಕೊಂಡಿರಬೇಕು, ಅಲ್ಲವೇ? ಹಂಡೆಗೆ ಬಂದ ರದ್ದಿ ಪುಸ್ತಕಗಳನ್ನು ಹರಿದು ಹಾಕುತ್ತಲೇ ಅಕ್ಷರ ಕಲಿತವಳು ನಾನು. ಅವನು ಎಷ್ಟು ಪುಸ್ತಕ ಓದಿದ್ದಾನೋ ಅದಕ್ಕಿಂತ ಹೆಚ್ಚು ಬೇಯಿಸಿದ್ದೇನೆ.

ನಿನ್ನ ಮಾವ ನಿನ್ನ ಗೆಣ್ಣನ್ನು ಕನ್ನಡಕದ ಮುಂದೆ ಹಿಡಿದು ಏನೋ ಹೇಳಬೇಕೆಂದ. ನಾನೇ ತಡೆದೆ, 'ಅವಳು ಓದಿದೋಳು, ಅವಳಿಗೆ ಗೊತ್ತಾಗುತ್ತೆ ಬಿಡು' ಎಂದೆ.

ನಿನ್ನ ಅತ್ತೆ

ಮಾರ್ಚ್ ೯

ಅತ್ತೆಗೆ ನಮಸ್ಕಾರ.

ಪತ್ರ ತಲುಪಿತು. ನೀವು ಹೇಳಿದಂತೆಯೇ ಮಾಡಿದೆ. ಕೆಲಸ ಹೆಚ್ಚು. ಎಲ್ಲರೂ ಆರಾಮ.

ಪುಟ್ಟಿ

ಮಾರ್ಚ್ ೧೭

ಪುಟ್ಟಿಗೆ,

ಒಂದು ಸಾಲಿನ ಕಾಗದದಲ್ಲಿ ನೀನು ನನಗೆ ಹೊದಿಸಿದ ಶಾಲು ಚೆನ್ನಾಗಿದೆ. 'ಎಲ್ಲರೂ ಆರಾಮ.' ಪೋಸ್ಟಿನವಳು ಆ ಕಾಗದವನ್ನು ನನ್ನ ಕೈಗಿಟ್ಟು, 'ಏನಮ್ಮಾ, ಇಷ್ಟು ಹಗುರವಾಗಿದೆ, ಒಳಗೆ ಏನೂ ಇಲ್ವಾ?' ಅಂದಳು. 'ಇದೆ, ನಮ್ಮ ಹುಡುಗಿಯ ಗತ್ತು ಇದೆ, ಅದಕ್ಕೆ ತೂಕ ಇರಲ್ಲ' ಅಂದೆ.

ನಾನು ಹೇಳಿದಂತೆ ಮಾಡಿದೆಯಲ್ಲ, ಹಾಗಾದರೆ ಎರಡನೆಯ ಬ್ಯಾಚು ಸರಿಹೋಗಿರಬೇಕು. ಸರಿಹೋದ ಮೇಲೆ ಅತ್ತೆ ಏಕೆ ಬೇಕು? ಡಾಕ್ಟರು ಬೆನ್ನು ತಟ್ಟಿರಬೇಕು. ಉಗುರಿಗೆ ಪಾತ್ರವಿಲ್ಲ ಎಂದವಳು ನನ್ನ ಉಗುರಿನಿಂದ ಉದ್ಧಾರವಾದಳು, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ನಾನೇನು ಸನ್ಮಾನ ಕೇಳಿದೆನೇ? ಒಂದು ಚಿಟಿಕೆ ಹುಲ್ಲು ಕೇಳಿದ್ದೆ. ಅದನ್ನೂ ಇಟ್ಟಿಲ್ಲ.

ನಿನ್ನ ಮಾವ ಕಾಗದವನ್ನು ತಿರುವಿ ತಿರುವಿ ನೋಡಿ, 'ಇದು ಸಂತೋಷದ ಕಾಗದ ಅಲ್ಲ ಕಣೇ' ಅಂದ. ಸೋರುವ ನಲ್ಲಿಯನ್ನೇ ನಿಲ್ಲಿಸಲಾಗದವನಿಗೆ ಕಾಗದ ಓದುವ ವಿದ್ಯೆ ಯಾವಾಗ ಬಂತೋ. ಮಾಸ್ತರಿಗೂ ಬೆಣ್ಣೆಗೂ ನನ್ನ ನೆನಪು ಹೇಳು. ನಿನಗೆ ಪುರುಸೊತ್ತಿದ್ದರೆ.

ಅತ್ತೆ

ಏಪ್ರಿಲ್ ೨

ಅತ್ತೆಗೆ,

ಎರಡು ವಾರ ಸುಮ್ಮನಿದ್ದೆ. ಸುಮ್ಮನೇ ಇರಬೇಕೆಂದಿದ್ದೆ. ಆದರೆ 'ಉದ್ಧಾರವಾದಳು' ಎಂದಿರಲ್ಲ, ಆ ಪದವನ್ನು ಓದಿದ ಮೇಲೆ ಆಗಲಿಲ್ಲ.

ಸುಟ್ಟಿದೆ ಎಂದಿರಿ. ಸುಟ್ಟಿದೆ ಎಂದರೆ ಉರಿ ಜಾಸ್ತಿ ಎಂದು ಬೆಣ್ಣೆಗೂ ಗೊತ್ತು. ನೂರೆಂಬತ್ತು ಡಿಗ್ರಿಯನ್ನು ನೂರೈವತ್ತಕ್ಕೆ ಇಳಿಸಿದೆ. ಡಾಕ್ಟರು ಬೇಡ ಎಂದರು. ನಾನು ಎಲ್ಲರೆದುರು ವಾದ ಮಾಡಿದೆ, ಇಪ್ಪತ್ತೊಂಬತ್ತು ವರ್ಷ ಹಂಡೆ ಕಾದವರು ಹೇಳಿದ್ದು ಎಂದೆ. ಪಾತ್ರೆಯ ಬಾಯಿ ತೆರೆದಾಗ ಹುಲ್ಲು ಹೋದ ಹಾಗೆಯೇ ಬಂತು. ಸಕ್ಕರೆ ಕಾಲುಭಾಗ. ಅವರು ಒಂದು ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, 'ನಿಮ್ಮ ಅತ್ತೆ ಹಸು ಸಾಕಿದ್ದಾರಾ? ಇದನ್ನ ಅಲ್ಲಿಗೇ ಕಳಿಸಿಬಿಡಿ, ಊಟಕ್ಕಾಗುತ್ತೆ' ಎಂದರು. ಸಭೆಯಲ್ಲಿ ನಗದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನಿದ್ದೆ ಮಾಡುತ್ತಿದ್ದರು.

ಮಾರನೆಯ ದಿನದಿಂದ ನಾನು ಯಾರ್ಡಿನಲ್ಲಿದ್ದೇನೆ. ಕೈಗವಸು ಹಾಕಿಕೊಂಡು ಗೋರುಗೋಲಿನಲ್ಲಿ ಹುಲ್ಲು ಎಳೆದು ತೂಕಕ್ಕೆ ಹಾಕುವ ಕೆಲಸ. ನಿಮಗೆ ಖುಷಿಯಾಗಬೇಕು, ಗಿರಣಿಯಲ್ಲಿ ನೀವೂ ಶುರು ಮಾಡಿದ್ದು ಹುಲ್ಲಿನ ಯಾರ್ಡಿನಲ್ಲೇ. ಮೂರನೆಯ ಬ್ಯಾಚು ಇಪ್ಪತ್ತನೇ ತಾರೀಖು. ಅದು ಮಾತ್ರ ಇನ್ನೂ ನನ್ನ ಹೆಸರಿನಲ್ಲಿದೆ. 'ಅದನ್ನೂ ಕೆಡಿಸಿ ಮುಗಿಸಿಬಿಡಿ, ಕಾಗದಪತ್ರ ಚೊಕ್ಕವಾಗಲಿ' ಎಂದಿದ್ದಾರೆ.

ನಾನು ಕೇಳಿದ್ದು ಸಹಾಯ. ನೀವು ಕೊಟ್ಟದ್ದು ಒಂದು ಪದ, ಅದರ ಸುತ್ತ ಎರಡು ಪುಟ ಗೇಲಿ. ಡಾಕ್ಟರು ಕನಿಷ್ಠ ಮುಖದೆದುರು ನಗುತ್ತಾರೆ.

ಪುಟ್ಟಿ

ಏಪ್ರಿಲ್ ೬

ನನ್ನ ಪುಟ್ಟಿಗೆ,

ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಗದೆ ಓದು, ನಾನೂ ನಗದೆ ಬರೆಯುತ್ತಿದ್ದೇನೆ.

ನಿನ್ನ ಪತ್ರವನ್ನು ನಿನ್ನ ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. 'ಉರಿ ಇಳಿಸಿದಳಂತೆ ಕಣೋ! ಯಾರಾದ್ರೂ ಉರಿ ಇಳಿಸ್ತಾರಾ?' ಎಂದು ಕೂಗಿದೆ. ಅವನು ಕೈಯಲ್ಲಿದ್ದ ನಲ್ಲಿಯ ತಿರುಪನ್ನು ಕೆಳಗಿಟ್ಟ.

'ನೀನೂ ಇಳಿಸಿದ್ದೆ' ಅಂದ.

'ನಾನಾ?'

'ಹಂಡೆಗೆ ಬಂದ ಮೊದಲನೇ ತಿಂಗಳು. ಮೇಸ್ತ್ರಿ ಸುಟ್ಟಿದೆ ಅಂದ, ನೀನು ಓಡಿಹೋಗಿ ಆವಿ ಮುಚ್ಚಿದೆ. ಹಂಡೆ ಪೂರ್ತಿ ಹಸಿ ಬಂತು. ನಿನ್ನ ಊಟದ ಡಬ್ಬಿಯಲ್ಲಿ ಹುಲ್ಲು ತುಂಬಿಸಿ ಇಟ್ಟಿದ್ರು ಅವತ್ತು. ಮರೆತುಬಿಟ್ಯಾ?'

ಮರೆತಿರಲಿಲ್ಲ, ಮಗಳೇ. ಯಾರಿಗೂ ಹೇಳಿರಲಿಲ್ಲ. ನಿಮ್ಮ ಮನೆಯ ಮಕ್ಕಳಿಗೆ ನಾನು ಯಾವಾಗಲೂ ಹೇಳಿದ್ದು, ಗಿರಣಿಗೆ ಹೋದ ದಿನದಿಂದಲೇ ನನಗೆ ಎಲ್ಲ ಗೊತ್ತಿತ್ತು ಎಂದು. ಹೇಳಿ ಹೇಳಿ ನಾನೇ ನಂಬಿದ್ದೆ.

ಈಗ ಕೇಳು. ನಮ್ಮ ಗಿರಣಿಯ ಕರಿಹಲಗೆಯ ಮೇಲೆ ಮೂರೇ ಪದ ಬರೆಯುತ್ತಿದ್ದರು: ಹಸಿ, ಬೆಂದಿದೆ, ಸುಟ್ಟಿದೆ. ಆ ಮೂರನೆಯದು ಮನೆಯ ಒಲೆಯ ಮಾತಲ್ಲ. ಗೆಣ್ಣನ್ನು ಸೀಳಿದಾಗ ಹೊರಗೆ ಮೆತ್ತಗಿದ್ದು ಒಳಗೆ ಗಟ್ಟಿಯಾದ ಕಂದು ಕಾಳು ಕಂಡರೆ ಅದು 'ಸುಟ್ಟಿದೆ'. ಉರಿ ಹೆಚ್ಚಾಗಿ ಆದದ್ದಲ್ಲ ಅದು. ಒಳಗಿನವರೆಗೆ ನೀರು ಹೋಗದೆ ಆದದ್ದು. ಬಾಯಾರಿ ಸುಟ್ಟದ್ದು. ಒಣ ಹುಲ್ಲಿನ ಕೊಳವೆಯ ತುಂಬ ಗಾಳಿ ಇರುತ್ತದೆ. ಅದು ಹೊರಗೆ ಹೋಗದೆ ನಮ್ಮ ಸುಣ್ಣದ ನೀರಾಗಲಿ ನಿಮ್ಮ ಆಸಿಡ್ ಆಗಲಿ ಒಳಗೆ ಬರುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತದೆ. ಒದ್ದೆಯಾಗದ ಆ ಜಾಗವನ್ನು ಆವಿ ಬರೀ ಗಟ್ಟಿ ಮಾಡುತ್ತದೆ. ನಿಮ್ಮ ಡಾಕ್ಟರ ಬಿಸಿಗಾಳಿ ಯಂತ್ರ ಮಾಡುತ್ತಿರುವ ಘನಕಾರ್ಯ ಇಷ್ಟೇ, ಹುಲ್ಲಿನ ಇದ್ದಬದ್ದ ಬಾಯನ್ನೂ ಮುಚ್ಚಿಸಿ ಕಳಿಸುವುದು. ಬಟ್ಟೆ ಒಣಗಿಸಿ ಒಗೆಯುತ್ತಾರೆ ಎಂದು ಬರೆದೆನಲ್ಲ, ಹೇಳಬೇಕಾದ ಮಾತು ಅದೇ ಆಗಿತ್ತು. ಅದನ್ನು ಗೇಲಿಯ ಕೆಳಗೆ ಹೂತು ಕಳಿಸಿದೆ. ನೀನು ಅಗೆದು ತೆಗೆಯಲಿಲ್ಲವೆಂದು ಸಿಟ್ಟು ಬೇರೆ ಮಾಡಿಕೊಂಡೆ.

ಹೀಗೆ ಮಾಡು. ಆ ಯಂತ್ರದ ಹತ್ತಿರ ಹೋಗಲೇಬೇಡ. ಯಾರ್ಡಿನಿಂದ ಬಂದ ಹುಲ್ಲನ್ನು ಬಂದ ಹಾಗೇ ಹಾಕು. ಮೇಲೆ ಕಿಂಡಿ ತೆರೆದಿಟ್ಟು, ಒತ್ತಡವಿಲ್ಲದೆ, ಬರೀ ಆವಿಯನ್ನು ಕಾಲು ಗಂಟೆ ಬಿಡು. ಹುಲ್ಲು ಉಸಿರು ಬಿಡುವುದು ಕಾಣುತ್ತದೆ. ಮೊದಲು ಕಿಂಡಿಯಿಂದ ಧೂಳಿನ ವಾಸನೆಯ ಗಾಳಿ ಬರುತ್ತದೆ, ಆಮೇಲೆ ಒದ್ದೆ ಹುಲ್ಲಿನ ವಾಸನೆ ಬರುತ್ತದೆ, ಆಮೇಲೆ ನಿರಂತರವಾಗಿ ಬಿಳಿ ಆವಿ. ಆ ಬಿಳಿ ಆವಿ ಬಂದು ಐದು ನಿಮಿಷವಾದ ಮೇಲೆ ಆವಿ ನಿಲ್ಲಿಸಿ, ಹುಲ್ಲು ಬಿಸಿ ಇರುವಾಗಲೇ, ತಣ್ಣಗಿನ ಆಸಿಡ್ ನೀರು ಬಿಡು. ಬಿಸಿ ಮಾಡಿದ ನೀರಲ್ಲ, ತಣ್ಣಗಿನದು. ಒಳಗಿನ ಆವಿ ಕುಗ್ಗಿದ ಹಾಗೆ ಹುಲ್ಲೇ ಎಳೆದುಕೊಂಡು ಕುಡಿಯುತ್ತದೆ. ಅರ್ಧ ಗಂಟೆ ಕುಡಿಯಲಿ. ಉಳಿದ ನೀರು ಬಸಿದುಬಿಡು. ಆಮೇಲೆ ನಿನ್ನ ನೂರೆಂಬತ್ತು ಡಿಗ್ರಿ, ನಿನ್ನ ಹತ್ತು ನಿಮಿಷ. ಅದರಲ್ಲಿ ನಾನು ಕೈ ಹಾಕುವುದಿಲ್ಲ, ಅದು ನೀನು ಓದಿದ ವಿಷಯ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ನನ್ನ ಅಭ್ಯಾಸವೂ ಅಲ್ಲ, ನೋಡು.

ನನಗೆ ಇದನ್ನು ಹೇಳಿಕೊಟ್ಟವನು ಮೇಸ್ತ್ರಿಯಲ್ಲ. ಅವನು ನಗುತ್ತಿದ್ದ. ನಾನು ಆವಿ ಕೊಳವೆಯ ಹಿಂದೆ ನಿಂತು ಡಬ್ಬಿಯಿಂದ ಹುಲ್ಲು ಕೀಳುತ್ತಿದ್ದಾಗ ಒಬ್ಬ ಫಿಟ್ಟರ್ ಬಂದು, ನನ್ನ ಕಡೆ ನೋಡದೆ, ಕೊಳವೆಗೆ ಹೇಳುವ ಹಾಗೆ, 'ಅದು ಉರಿಗೆ ಸುಟ್ಟಿದ್ದಲ್ಲ, ಬಾಯಾರಿ ಸುಟ್ಟಿದ್ದು' ಅಂದು ಹೋದ. ಅವನನ್ನೇ ಮದುವೆಯಾದೆ. ಆವತ್ತು ಅವನು ಕನ್ನಡಕದ ಮುಂದೆ ಗೆಣ್ಣು ಹಿಡಿದು ಹೇಳಬೇಕೆಂದದ್ದೂ ಅದೇ ಇರಬೇಕು. ಅವನ ಬಾಯಿಯನ್ನೂ ಮುಚ್ಚಿಸಿದೆ.

ನಿನ್ನನ್ನು ನೋಡಿ ನಕ್ಕವರಲ್ಲಿ ಮೊದಲಿನವಳು ನಾನು. ಆ ಡಾಕ್ಟರು ಕಡ್ಡಿ ಎತ್ತಿ ನಗುವುದಕ್ಕಿಂತ ಮೊದಲೇ ನಾನು ಲಕೋಟೆಯೊಳಗೆ ನಕ್ಕಿದ್ದೆ. ಆ ಮೇಸ್ತ್ರಿಯನ್ನು ನಲವತ್ತು ವರ್ಷದಿಂದ ಬಯ್ಯುತ್ತಾ ಬಂದಿದ್ದೇನೆ, ಅವನ ಪದವನ್ನೇ ಅವನ ದನಿಯಲ್ಲೇ ನಿನಗೆ ಕಳಿಸಿದೆ.

ಅತ್ತೆ

ಏಪ್ರಿಲ್ ೨೫

ಅತ್ತೆಗೆ, ಮಾವನಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಯಾರ್ಡಿನಲ್ಲಿ ಹುಲ್ಲುಕಟ್ಟಿನ ಮೇಲೆ ಕುಳಿತು ಓದಿದೆ. ಊಟದ ಡಬ್ಬಿಯ ಸಾಲಿಗೆ ಬಂದಾಗ ನನ್ನ ಡಬ್ಬಿಯನ್ನು ತೆರೆದು ನೋಡಿದೆ. ಸದ್ಯ, ಆಲೂಗಡ್ಡೆಯೇ ಇತ್ತು.

ಇಪ್ಪತ್ತನೇ ತಾರೀಖು ನೀವು ಹೇಳಿದ ಹಾಗೇ ಮಾಡಿದೆ. ಒಣಗಿಸದ ಹುಲ್ಲು ಒಳಗೆ ಹೋಗುವುದನ್ನು ಕಂಡು ಡಾಕ್ಟರು, 'ಓಹೋ, ಅತ್ತೆಯ ಎರಡನೇ ಅಧ್ಯಾಯ' ಎಂದು ಎಲ್ಲರನ್ನೂ ಕರೆದರು. ಕಿಂಡಿ ತೆರೆದು ಆವಿ ಬಿಟ್ಟಾಗ, 'ಮೇಡಂ, ಗಾಳಿಯನ್ನ ಬೇಯಿಸ್ತಿದ್ದೀರಾ?' ಎಂದರು. ನಾನು ಕಿಂಡಿಯ ಹತ್ತಿರ ಮೂಗು ಇಟ್ಟು ನಿಂತಿದ್ದೆ. ಧೂಳು ಬಂತು. ಆಮೇಲೆ ಒದ್ದೆ ಹುಲ್ಲು. ಆಮೇಲೆ ಬಿಳಿ ಆವಿ. ತಣ್ಣನೆಯ ಆಸಿಡ್ ನೀರು ಬಿಟ್ಟ ಕೂಡಲೇ ಪಾತ್ರೆಯ ಅಳತೆಗಾಜಿನಲ್ಲಿ ನೀರು ಸರ್ರನೆ ಇಳಿಯಿತು. ಅತ್ತೆ, ಅದು ಕುಡಿಯುವುದನ್ನು ನಾನು ಕಣ್ಣಾರೆ ಕಂಡೆ. ಡಾಕ್ಟರು ಕೊಳವೆ ಸೋರುತ್ತಿದೆ ಎಂದು ಕೆಳಗೆ ಬಗ್ಗಿ ನೋಡಿದರು. ನೆಲ ಒಣಗಿತ್ತು.

ಕಿಣ್ವಕ್ಕೆ ಮೂರು ದಿನ ಬೇಕು. ನಿನ್ನೆ ಎಣಿಕೆ ಬಂತು. ನೂರಕ್ಕೆ ಎಪ್ಪತ್ತೊಂಬತ್ತು.

ಪಾತ್ರೆ ಗುಜರಿಗೆ ಹೋಗುವುದಿಲ್ಲ. ನಾನು ಸೋಮವಾರದಿಂದ ಒಳಗೆ. ಡಾಕ್ಟರು ವರದಿ ಬರೆಯುತ್ತಿದ್ದಾರೆ, ಇದು ಬಹಳ ದಿನದಿಂದ ಅವರ ತಲೆಯಲ್ಲಿದ್ದ ವಿಚಾರವಂತೆ. ಅದಕ್ಕೆ 'ಪೂರ್ವ-ಪೂರ್ವಸಂಸ್ಕರಣೆ' ಎಂದು ಹೆಸರಿಟ್ಟಿದ್ದಾರೆ. ಬ್ಯಾಚು ಮಾತ್ರ ನನ್ನ ಹೆಸರಿನಲ್ಲೇ ಇದೆ, ಅದನ್ನು ಅಳಿಸಲು ಆಗುವುದಿಲ್ಲ. ವಿಧಾನ ಯಾರಿಂದ ಬಂತು ಎಂಬ ಕಡೆ ನಾನು 'ರಟ್ಟಿನ ಗಿರಣಿಯ ಹಂಡೆಯವರು ಮತ್ತು ಫಿಟ್ಟರ್' ಎಂದು ತುಂಬಿ ಸಹಿ ಮಾಡಿದ್ದೇನೆ.

ಪಾತ್ರೆಯ ಪಕ್ಕ ಒಂದು ಹಲಗೆ ತೂಗುಹಾಕಿದೆ. ನಿಮ್ಮ ಮೂರು ಪದಗಳನ್ನೇ ಬರೆದೆ. ಆದರೆ ಪ್ರತಿಯೊಂದರ ಮುಂದೆ ಅರ್ಥವನ್ನೂ ಬರೆದೆ. ಮೂರನೆಯದರ ಅರ್ಥ ಎರಡು ಸಾಲು ಹಿಡಿಯಿತು.

ಈ ಸಲದ ಗೆಣ್ಣು ಇಟ್ಟಿದ್ದೇನೆ. ನಾನು ಸೀಳಿ ನೋಡಿಲ್ಲ. ನೀವು ನೋಡಿ ಬರೆಯಿರಿ. ದಯವಿಟ್ಟು ಒಂದೇ ಪದ ಬರೆಯಬೇಡಿ.

ನಿಮ್ಮ ಪುಟ್ಟಿ

ಏಪ್ರಿಲ್ ೩೦

ಪುಟ್ಟಿಗೆ, ಮಾಸ್ತರಿಗೆ, ಬೆಣ್ಣೆಗೆ ಅತ್ತೆ ಮಾವನ ಆಶೀರ್ವಾದಗಳು.

ಗೆಣ್ಣು ಐದಿದ್ದವು. ಕಿಟಕಿಯ ಬೆಳಕಿಗೆ ಬಿಳಿ ತಟ್ಟೆ ಇಟ್ಟುಕೊಂಡು ಕುಳಿತೆವು, ನಿನ್ನ ಮಾವ ಕನ್ನಡಕ ಒರೆಸಿಕೊಂಡು ಎದುರಿಗೆ. ಮೊದಲನೆಯದನ್ನು ಅವನ ಕೈಗೇ ಕೊಟ್ಟೆ. ಉಗುರು ತಾಕಿಸುವ ಮೊದಲೇ ಬಿಚ್ಚಿಕೊಂಡಿತು. ಎರಡನೆಯದು ನಾನು. ಹೊರಗೆ ಯಾವ ಬಣ್ಣವೋ ಒಳಗೂ ಅದೇ ಬಣ್ಣ, ತೆಳು ಚಹಾದ ಹಾಗೆ. ಹುಡುಕಿದರೂ ಕಾಳು ಸಿಗಲಿಲ್ಲ. ಬೆರಳಲ್ಲಿ ಉಜ್ಜಿದರೆ ಎಳೆ ಎಳೆಯಾಗಿ, ಸೋಪಿನಂತೆ ಜಾರಿತು. ಮೂರನೆಯದರ ತುದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಇತ್ತು. ಅದು ಪಾತ್ರೆಯ ಗೋಡೆಗೆ ತಾಗಿದ್ದಿರಬೇಕು, ತಲೆ ಕೆಡಿಸಿಕೊಳ್ಳಬೇಡ. ನಾಲ್ಕು, ಐದು ಒಂದೇ ಥರ. ಬೆಂದಿದೆ ಎಂದರೆ ಇದು. ನೋಡು, ಎಷ್ಟು ಸಾಲು ಬರೆದೆ.

'ಪೂರ್ವ-ಪೂರ್ವ' ಎಂಬುದನ್ನು ನಿನ್ನ ಮಾವನಿಗೆ ನಾಲ್ಕು ಸಲ ಕೂಗಿ ಹೇಳಬೇಕಾಯಿತು. ಕೇಳಿಸಿದ ಮೇಲೆ ತಿರುಪು ಕೆಳಗೆ ಬೀಳುವಷ್ಟು ನಕ್ಕ. ಮುಂದಿನ ವರ್ಷ ಹುಲ್ಲಿನ ಧೂಳು ಝಾಡಿಸುವುದನ್ನೂ ಕಲಿತರೆಂದರೆ ಇನ್ನೊಂದು ಪೂರ್ವ ಸೇರಿಸಬಹುದು ನಿಮ್ಮ ಡಾಕ್ಟರು. ಆ ಬಿಸಿಗಾಳಿ ಯಂತ್ರವನ್ನು ಏನು ಮಾಡಿದರು? ಕೋಟು ಒಣಗಿಸಿಕೊಳ್ಳಲು ಇಟ್ಟುಕೊಳ್ಳಲಿ. ಅಂಥವರನ್ನು ಕಂಡರೆ ನನಗೆ ತಡೆಯುವುದಿಲ್ಲ, ಅದು ಈ ಜನ್ಮಕ್ಕೆ ಹೋಗುವುದಲ್ಲ. ಆದರೆ ನಿನಗೆ ಬರೆಯುವ ಕಾಗದದಲ್ಲಿ ಇನ್ನು ಮೊದಲು ವಿಷಯ, ಆಮೇಲೆ ಬೈಗುಳ.

ವರದಿಯಲ್ಲಿ ಫಿಟ್ಟರ್ ಎಂದು ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಒಂದೇ ಸಲಕ್ಕೆ ಕೇಳಿಸಿತು. ಎದ್ದು ಹೋಗಿ ಮೂರು ನಲ್ಲಿಗಳನ್ನೂ ಬಿಗಿ ಮಾಡಿದ. ಒಂದು ನಿಂತಿದೆ.

ಈಗ ನೀನು ಬರೆ. ಯಾರ್ಡಿನ ಹೆಂಗಸರು ಏನಂದರು, ಸೋಮವಾರ ಒಳಗೆ ಹೋದಾಗ ಯಾರು ಯಾರು ತಲೆ ತಗ್ಗಿಸಿದರು, ಬೆಣ್ಣೆಯ ಹಲ್ಲು ಪೂರ್ತಿ ಬಂತೇ, ಎಲ್ಲ ಬೇಕು. ಮಾರ್ಚಿನ ಆ ಒಂದು ಸಾಲಿನ ಕಾಗದ ಇನ್ನೂ ನನ್ನ ದಿಂಬಿನ ಕೆಳಗಿದೆ, ಅಂಥದ್ದು ಇನ್ನೊಂದು ಬೇಡ. ಬೇಗ ಬರೆ, ಪುಟ್ಟಿ. ತಡಮಾಡಿದರೆ ನಾನು ಸುಟ್ಟುಹೋಗುತ್ತೇನೆ, ನಮ್ಮ ಗಿರಣಿಯವರ ಅರ್ಥದಲ್ಲಿ.

ನಿನ್ನ ಅತ್ತೆ